ಮೂರು ವಾರ ತಡವಾಗಿ ಬಂದ ಹುಡುಗ

ಊರು, ಬ್ರ್ಯಾಂಚು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹುಡುಗನಿಗೆ 18 ವರ್ಷ, ಉತ್ತರ ಕರ್ನಾಟಕದ ಕಡೆಯವನು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ಸೈನ್ಸು. ಸಿಇಟಿಯ ಕೊನೆಯ ಸುತ್ತಿನಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಟ್ರಂಕು ಹೊತ್ತು ಹಾಸ್ಟೆಲಿಗೆ ಬರುವಷ್ಟರಲ್ಲಿ ಹೊಸಬರಿಗೆ ಕಾಲೇಜನ್ನು ಪರಿಚಯಿಸುವ ಇಂಡಕ್ಷನ್ ಮುಗಿದು ಪಾಠ ಶುರುವಾಗಿತ್ತು.

ನಾಲ್ಕು ದಿನದಿಂದ ಕ್ಲಾಸಿಗೆ ಹೋಗಿಲ್ಲವೆಂದು ವಾರ್ಡನ್ ಆಪ್ತ ಸಲಹೆಗಾರ್ತಿಯಾದ ನನ್ನ ಬಳಿ ಕಳಿಸಿದ್ದರು. ಗಣಿತದ ಮೊದಲ ಐಎಯಲ್ಲಿ, ಅಂದರೆ ಕಾಲೇಜಿನ ಆಂತರಿಕ ಪರೀಕ್ಷೆಯಲ್ಲಿ, 25ಕ್ಕೆ 6. “ನಂಗ ಇದು ಆಗೂದಿಲ್ರಿ ಮೇಡಂ. ಸೀಟ್ ಬಿಟ್ಟು ಊರಿಗೆ ಹೋಗ್ತೀನ್ರಿ” ಅಂದ. ನಿದ್ದೆ, ಊಟ ಕೇಳಿದೆ. ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿಯೇ ಕೇಳಿದೆ. ಇಂಥದನ್ನು ಸುತ್ತಿಬಳಸಿ ಕೇಳಬಾರದು. ಇಲ್ಲ ಅಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವನ ಮೊಬೈಲಿನಲ್ಲಿ ಸೇವ್ ಮಾಡಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆಮೇಲೆ ನಾನೊಂದು ತಪ್ಪು ಮಾಡಿದೆ. ಬೆಳಿಗ್ಗೆ ಐದಕ್ಕೆ ಏಳು, ಆರಕ್ಕೆ ಗಣಿತ ಅಂತ ಟೈಮ್‌ಟೇಬಲ್ ಬರೆದುಕೊಟ್ಟೆ. ಒಂಬತ್ತು ದಿನ ಹುಡುಗ ಈ ಕಡೆ ತಲೆ ಹಾಕಲಿಲ್ಲ. ಪಿಯುಸಿಯಲ್ಲಿ ಐದಕ್ಕೆ ಎದ್ದೇ ಓದಿದವನು ಅವನು. ಹೊತ್ತಿಗೆ ಕೊರತೆ ಇರಲಿಲ್ಲ, ಇಲ್ಲಿ ಓದುವುದು ಅಂದರೆ ಏನು ಅನ್ನುವುದು ಗೊತ್ತಿರಲಿಲ್ಲ.

ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ 2017ರಲ್ಲಿ ಮೂರು ವಾರದ ಇಂಡಕ್ಷನ್ ತಂದಿದ್ದೇ ಈ ಹೊಸ ಮಕ್ಕಳಿಗಾಗಿ: ಆಟ, ಕಲೆ, ಮೌಲ್ಯಗಳ ಚರ್ಚೆ, ಊರು ಸುತ್ತುವುದು, ತಮ್ಮ ವಿಭಾಗದ ಪರಿಚಯ. ಕಲ್ಪನೆ ಒಳ್ಳೆಯದೇ. ನಾನು ಕಂಡ ಮಟ್ಟಿಗೆ ಅದು ಬಹಳ ಸಲ ಆಡಿಟೋರಿಯಮ್ಮಿನ ಭಾಷಣಗಳಲ್ಲೇ ಮುಗಿಯುತ್ತದೆ. ತಡವಾಗಿ ಬಂದವರಿಗೆ ಅದೂ ಇಲ್ಲ. ಮೊದಲ ವರ್ಷದ ವಿಷಯಗಳನ್ನು ಎರಡು ಸೈಕಲ್ ಅಂತ ಹಂಚಿರುತ್ತಾರೆ. ಇವನಿಗೆ ಕೆಮಿಸ್ಟ್ರಿ ಸೈಕಲ್, ಊರಿನ ಒಬ್ಬನೇ ಗೆಳೆಯನಿಗೆ ಫಿಸಿಕ್ಸ್ ಸೈಕಲ್. ಮುಂದಿನ ಸೆಮಿಸ್ಟರಿನಲ್ಲಿ ಅದಲು ಬದಲು. ಹಾಗಾಗಿ ನೋಟ್ಸ್ ಕೇಳಲೂ ಜನವಿಲ್ಲ.

ಎರಡನೇ ಸಲ ಬಂದಾಗ ಅವನನ್ನು ಅತಿ ಹೆಚ್ಚು ಹೆದರಿಸಿದ ಲೆಕ್ಕ ಯಾವುದು ಅಂತ ಕೇಳಿದೆ. ಎಂಜಿನಿಯರಿಂಗ್ ಡ್ರಾಯಿಂಗ್‌ನದು. ಒಂದು ಗೆರೆ ಎಚ್‌ಪಿಗೆ (ಅಡ್ಡ ಸಮತಲ) 30 ಡಿಗ್ರಿ, ವಿಪಿಗೆ (ಲಂಬ ಸಮತಲ) 45 ಡಿಗ್ರಿ ವಾಲಿದೆ, ಪ್ರೊಜೆಕ್ಷನ್ (ಆ ಸಮತಲಗಳ ಮೇಲೆ ಬೀಳುವ ಅದರ ಚಿತ್ರ) ಬರೆಯಿರಿ. ಸ್ಟೆಪ್ಪುಗಳನ್ನು ಬಾಯಿಪಾಠ ಮಾಡಿದ್ದ. ಕೋನ ಬದಲಾದ ಕೂಡಲೇ ಕೈ ನಿಂತುಬಿಡುತ್ತಿತ್ತು.

“ನಾನು ಎಂಜಿನಿಯರ್ ಅಲ್ಲಪ್ಪ, ನನಗೆ ತೋರಿಸು” ಅಂದು ಪೆನ್ಸಿಲ್ ಕೊಟ್ಟೆ. ಕೋಣೆಯ ಮೂಲೆಗೆ ಹೋದೆವು. ನೆಲ ಎಚ್‌ಪಿ, ಗೋಡೆ ವಿಪಿ. ಪೆನ್ಸಿಲನ್ನು ಎರಡಕ್ಕೂ ಓರೆಯಾಗಿ ಹಿಡಿದ. ಮೊಬೈಲ್ ಟಾರ್ಚನ್ನು ನಾನು ಮೇಲಿನಿಂದ ಬಿಟ್ಟೆ, ನೆಲದ ಮೇಲೆ ಒಂದು ನೆರಳು. ಮುಂದಿನಿಂದ ಬಿಟ್ಟೆ, ಗೋಡೆ ಮೇಲೆ ಇನ್ನೊಂದು. ಟಾರ್ಚು ಹತ್ತಿರ ತಂದರೆ ನೆರಳು ಉಬ್ಬುತ್ತಿತ್ತು. “ದೂರ ಹಿಡೀರಿ ಮೇಡಂ, ಬೆಳಕು ನೆಟ್ಟಗ ಬರಬೇಕ್ರಿ” ಅಂದ. ನಾನು ಸ್ಟೂಲ್ ಹತ್ತಿದೆ. ಸ್ವಲ್ಪ ಹೊತ್ತು ಎರಡನ್ನೂ ನೋಡುತ್ತ ನಿಂತ. “ಎರಡೂ ಗಿಡ್ಡ ಅದಾವ್ರಿ. ಖರೇ ಉದ್ದ ಎಲ್ಲೂ ಕಾಣವಲ್ದು. ಅದಕ್ಕ ಏನ್ರಿ ತಿರುಗಿಸೂದು?”

ಅದಕ್ಕೇ ಅಂತೆ, ಖರೇ ಉದ್ದ ಸಿಗಲೆಂದೇ ಲೆಕ್ಕದಲ್ಲಿ ಗೆರೆಯನ್ನು ತಿರುಗಿಸುವುದು. ಮರುದಿನ ಡ್ರಾಯಿಂಗ್ ಮೇಷ್ಟ್ರನ್ನು ಕೇಳಿ ಖಾತ್ರಿ ಮಾಡಿಕೊಂಡೆ.

ಅವನಿಗೆ ಕೊಟ್ಟ ಸಲಹೆ ಇಷ್ಟೇ. ಕ್ಲಾಸಿನಲ್ಲಿ ಅರ್ಥವಾಗದ ಇಂಗ್ಲಿಷ್ ಪದಗಳನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ಸಂಜೆ ಕನ್ನಡದಲ್ಲಿ ನಿನಗೆ ನೀನೇ ಹೇಳಿಕೋ. ದಿನಕ್ಕೆ ಒಂದೇ ಒಂದು ಲೆಕ್ಕವನ್ನು ರೂಮ್‌ಮೇಟ್‌ಗೆ ವಿವರಿಸು. ಎಲ್ಲಿ ತೊದಲುತ್ತೀಯೋ ಅದನ್ನು ಮಾರನೇ ದಿನ ಮೇಷ್ಟ್ರಿಗೆ ಕೇಳು. ಸೀಟು ಬಿಡುವ ಮಾತು ಸೆಮಿಸ್ಟರ್ ಮುಗಿಯುವವರೆಗೆ ಬೇಡ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನ 2022ರ ಸ್ಕೀಮಿನಲ್ಲಿ ಪಾಸಾಗಲು ಸಿಐಇಯಲ್ಲಿ, ಅಂದರೆ ಐಎ, ಅಸೈನ್‌ಮೆಂಟ್ ಸೇರಿದ ಆಂತರಿಕ ಅಂಕದಲ್ಲಿ, 50ಕ್ಕೆ 20, ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ 50ಕ್ಕೆ 18, ಎರಡೂ ಸೇರಿ 40 ಬೇಕು. ಇನ್ನೊಂದು ಐಎ, ಅಸೈನ್‌ಮೆಂಟ್ ಎಲ್ಲ ಬಾಕಿಯಿತ್ತು. ಈ ಲೆಕ್ಕವನ್ನು ಹಾಳೆಯ ಮೇಲೆ ಹಾಕಿದಾಗ 6 ಅಂಕ ಅವನಿಗೆ ಮೊದಲ ಸಲ ಬರೀ 6 ಅಂಕವಾಗಿ ಕಂಡಿತು ಅನ್ನಿಸುತ್ತದೆ.

ಕಷ್ಟವಾಗಿದ್ದು ಮನೆಗೆ ಹೇಳುವುದು. ರಾತ್ರಿ ಅವ್ವ ಫೋನ್ ಮಾಡಿ “ಉಂಡೀ ಏನಪಾ?” ಅಂದರೆ ಉಂಡೀನಿ ಅನ್ನುತ್ತಿದ್ದ, ಎಷ್ಟೋ ದಿನ ಉಂಡಿರುತ್ತಿರಲಿಲ್ಲ. ಉಂಡಿಲ್ಲ ಅಂತ ಒಂದು ದಿನ ಹೇಳಿ ನೋಡು, ಅಂಕದ ಮಾತು ಆಮೇಲೆ ತಾನಾಗಿ ಬರುತ್ತದೆ ಅಂದಿದ್ದೆ. ಬರಲು ಎರಡು ವಾರ ಹಿಡಿಯಿತು.

ಫಲಿತಾಂಶದಲ್ಲಿ ಡ್ರಾಯಿಂಗ್ ಪಾಸು, ಗಣಿತ ಉಳಿಯಿತು. ನನ್ನೆದುರೇ ಅವ್ವನಿಗೆ ಫೋನ್ ಮಾಡಿದ. “ಒಂದು ಉಳದೈತಿ ಅವ್ವ, ಮತ್ತ ಕಟ್ಟಬೇಕು.”

ಆ ಕಡೆಯಿಂದ ತಕ್ಷಣ ಕೇಳಿಸಿತು: “ಎಷ್ಟು ರೊಕ್ಕ?”