ಗುರುತಿಲ್ಲದಿದ್ದರೂ ಡಾಕ್ಟರಿಗೆ ತೋರಿಸಿ
ನನ್ನ ಗೆಳತಿಯ ಗಂಡ ಅವಳ ಕುತ್ತಿಗೆ ಹಿಸುಕಿದ, ಗುರುತೇನೂ ಉಳಿದಿಲ್ಲ, ಕೂಡಲೇ ಮನೆ ಬಿಡು ಅನ್ನಲಾ ಎಂದು ಕೇಳಿದ್ದೀರಿ. ಗುರುತಿಲ್ಲ ಅಂದರೆ ಪೆಟ್ಟಾಗಿಲ್ಲ ಅಂತಲ್ಲ. ಒಳಗೆ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಕೆಲವು ದಿನ ಕಳೆದ ಮೇಲೂ ಪಾರ್ಶ್ವವಾಯು ಆಗಬಹುದು. ಮೊದಲು ಡಾಕ್ಟರಿಗೆ ತೋರಿಸಿ, ನಡೆದದ್ದನ್ನು ನಡೆದ ಹಾಗೇ ಹೇಳಲಿ. ಆ ದಾಖಲೆ ಮುಂದೆ ಕೆಲಸಕ್ಕೆ ಬರುತ್ತದೆ. ಕುತ್ತಿಗೆಗೆ ಕೈ ಹಾಕಿದವನಿಂದ ಜೀವಕ್ಕೇ ಅಪಾಯ ಜಾಸ್ತಿ, ಇದನ್ನು ಸಣ್ಣ ಜಗಳ ಅಂದುಕೊಳ್ಳಬೇಡಿ.

ಆದರೆ ಮನೆ ಬಿಡುವ ಹೊತ್ತಿನಲ್ಲೂ ಅಪಾಯ ಹೆಚ್ಚುತ್ತದೆ. ಹಾಗಾಗಿ ಸುಮ್ನೆ "ಬಿಟ್ಟು ಬಾ" ಅನ್ನಬೇಡಿ. ಮಹಿಳಾ ಸಹಾಯವಾಣಿಯವರ ಜೊತೆ ಮಾತಾಡಿಸಿ: ಯಾವಾಗ ಹೊರಡೋದು, ಎಲ್ಲಿಗೆ, ಮಕ್ಕಳು, ಕಾಗದಪತ್ರ. ಬಿಡುವ ಮನಸ್ಸಿಲ್ಲದಿದ್ದರೂ ಮಾತಾಡಬಹುದು. ನಿಮ್ಮ ಫೋನಿನಿಂದಲೇ ಕರೆ ಮಾಡಿಸಿ, ಅವಳದನ್ನು ಅವನು ನೋಡುತ್ತಿರಬಹುದು. ಅವನಿಗೆ ಬುದ್ಧಿ ಹೇಳಲು ಮಾತ್ರ ಹೋಗಬೇಡಿ, ಆ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಳ್ಳುತ್ತಾನೆ.