ಕಾನೂನು ಕಟ್ಟೆ: ದೂರು ಕೊಟ್ಟರೆ ತಾಯಿಗೂ ಶಿಕ್ಷೆಯೇ?

ಪ್ರಶ್ನೆ: ಪಕ್ಕದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬೆಳಗಿನಿಂದ ಸಂಜೆಯವರೆಗೆ ದುಡಿಯುತ್ತಾಳೆ. ‘ದೂರದ ನೆಂಟರ ಮಗು, ನೆರವಿಗೆ ಬಂದಿದ್ದಾಳೆ, ಕಾನೂನೇ ಒಪ್ಪುತ್ತದೆ’ ಎನ್ನುತ್ತಾರೆ ಮಾಲೀಕರು. ದೂರು ಕೊಟ್ಟರೆ ಅವಳ ತಾಯಿ ಜೈಲಿಗೆ ಹೋಗಬೇಕೇ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಮಾಲೀಕರು ಬಾಲಕಾರ್ಮಿಕ ನಿಷೇಧ ಕಾಯ್ದೆಯ 2016ರ ತಿದ್ದುಪಡಿಯನ್ನು ಅರ್ಧ ಓದಿದ್ದಾರೆ, ಅದೂ ತಮಗೆ ಬೇಕಾದ ಅರ್ಧ. ಕುಟುಂಬದ ಉದ್ಯಮಕ್ಕೆ ವಿನಾಯಿತಿ ಇದೆ, ನಿಜ. ಆದರೆ ಅಲ್ಲಿ ಕುಟುಂಬವೆಂದರೆ ಮಗುವಿನ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ ಮತ್ತು ತಂದೆತಾಯಿಯ ಒಡಹುಟ್ಟಿದವರು ಮಾತ್ರ. ದೂರದ ನೆಂಟಸ್ತನ ನಡೆಯದು. ಸ್ವಂತ ಮನೆಯಲ್ಲೂ ಶಾಲೆಯ ಹೊತ್ತು ಬಿಟ್ಟೇ, ಅಪಾಯವಿಲ್ಲದ ಕೆಲಸಕ್ಕಷ್ಟೇ ನೆರವಾಗಬಹುದು. (ಈ ವಿನಾಯಿತಿಯೇ ಬೇಡವಾಗಿತ್ತು ಎನ್ನುವವರಲ್ಲಿ ನಾನೂ ಒಬ್ಬಳು.)

ಹದಿನಾಲ್ಕು ತುಂಬದ ಮಗುವನ್ನು ದುಡಿಸಿಕೊಂಡವರಿಗೆ 6 ತಿಂಗಳಿಂದ 2 ವರ್ಷ ಸೆರೆವಾಸ, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ತಾಯಿಗಾಗಿ ಹೆದರಬೇಡಿ, ಮೊದಲ ಸಲದ ತಪ್ಪಿಗೆ ತಂದೆತಾಯಿಗೆ ಶಿಕ್ಷೆಯಿಲ್ಲ. ವಸೂಲಾದ ದಂಡ ಪುನರ್ವಸತಿ ನಿಧಿಯಲ್ಲಿ ಹುಡುಗಿಯ ಲೆಕ್ಕಕ್ಕೇ ಜಮೆಯಾಗುತ್ತದೆ, ಸರ್ಕಾರ 15,000 ರೂಪಾಯಿ ಸೇರಿಸಬೇಕು. ಮಾಲೀಕರೊಡನೆ ವಾದಕ್ಕಿಳಿಯಬೇಡಿ, ಮರುದಿನವೇ ಹುಡುಗಿಯನ್ನು ಬೇರೆಡೆ ಸಾಗಿಸಿಬಿಟ್ಟಾರು. ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಅದು ಉಚಿತ.