ಕಾಲುವೆ ದಂಡೆಯ ಜಲ್ಲಿ ಹಾದಿಗೆ ಯಾವ ಟೈರ್?

ಪ್ರಶ್ನೆ: ವಾಹನ ಓಡಾಡದ ಕಾಲುವೆ ದಂಡೆಯ ಜಲ್ಲಿ ಹಾದಿಯಲ್ಲಿ ದಿನಕ್ಕೆ 60 ಕಿ.ಮೀ. ಸೈಕಲ್ ತುಳಿಯಬೇಕೆಂದಿದ್ದೇನೆ. ಈಗಿರುವ 28 ಮಿ.ಮೀ. ಅಗಲದ ಟೈರ್ ಸಾಕೇ? ಗಾಳಿ ಎಷ್ಟಿರಬೇಕು?

ಉತ್ತರ: ಗಟ್ಟಿಯಾಗಿ ಕೂತ ಸಣ್ಣ ಜಲ್ಲಿಯಾದರೆ, ಅದೂ ಒಣಗಿದ್ದರೆ, 28 ಹೇಗೋ ನಡೆಯುತ್ತದೆ. ಸಡಿಲ ಕಲ್ಲು ಬಂತೆಂದರೆ ಮುಂದಿನ ಚಕ್ರ ಜಾರುತ್ತದೆ. 38ರಿಂದ 42 ಮಿ.ಮೀ. ಹಾಕಿಸಿ. ಅದಕ್ಕೂ ಮೊದಲು ಫ್ರೇಮ್ ಮತ್ತು ಫೋರ್ಕ್‌ನಲ್ಲಿ (ಮುಂದಿನ ಚಕ್ರ ಹಿಡಿಯುವ ಕವಲು) ಟೈರಿನ ಎರಡೂ ಬದಿಗೆ ಕನಿಷ್ಠ 5 ಮಿ.ಮೀ. ಜಾಗ ಉಳಿಯುತ್ತದೆಯೇ ನೋಡಿ; ಇಲ್ಲದಿದ್ದರೆ ಮಳೆಯಲ್ಲಿ ಕೆಸರು ಕಟ್ಟಿ ಚಕ್ರವೇ ನಿಲ್ಲುತ್ತದೆ.

ಸುಮಾರು 70 ಕೆ.ಜಿ. ತೂಕದವರು 40 ಮಿ.ಮೀ. ಟ್ಯೂಬ್‌ಲೆಸ್ ಟೈರಿಗೆ 30–35 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಇಂದ ಶುರುಮಾಡಬಹುದು. ಹಿಂದಿನದಕ್ಕೆ 2–3 ಹೆಚ್ಚು. ಟ್ಯೂಬ್ ಇದ್ದರೆ ಇನ್ನೂ 5 ಸೇರಿಸಿ. ಗಾಳಿ ಕಡಿಮೆಯಾದರೆ ಟ್ಯೂಬ್ ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ. ಹಾಗೆಂದು ಕಲ್ಲಿನಂತೆ ಗಾಳಿ ತುಂಬಿದರೆ ಹಿಡಿತವೂ ಇಲ್ಲ, ಕೈಗೆ ಸುಖವೂ ಇಲ್ಲ. ಟೈರ್ ಮತ್ತು ರಿಮ್ ಮೇಲೆ ಬರೆದ ಗರಿಷ್ಠ ಮಿತಿಯನ್ನು ಮಾತ್ರ ದಾಟಬೇಡಿ.

ದೋಣಿ ಸಂಚಾರಕ್ಕೆಂದು ತೋಡಿದ ಹಳೆಯ ಕಾಲುವೆಗಳ ದಂಡೆ ಹಾದಿಗಳು ಹೆಚ್ಚಾಗಿ ದೋಣಿ ಎಳೆಯುವ ಕುದುರೆಗಳಿಗಾಗಿ ಮಾಡಿದವು, ಹಾಗಾಗಿ ಬಹುತೇಕ ಸಮತಟ್ಟು. ನೀರಿನ ಮಟ್ಟ ಬದಲಿಸುವ ಲಾಕ್‌ಗಳ ಬಳಿ ಮಾತ್ರ ಚಿಕ್ಕ ಏರು. ಸುಲಭ ಅನ್ನಿಸುತ್ತದೆ, ಆದರೆ ಇಳಿಜಾರಿಲ್ಲದ ಕಡೆ ಪೆಡಲಿಗೆ ಬಿಡುವೇ ಇಲ್ಲ. ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಿಂತು ತುಳಿಯಿರಿ. ಸೇತುವೆಯ ಕೆಳಗೆ ಹಾದಿ ಕಿರಿದು, ನೆಲ ಒದ್ದೆ: ಗಂಟೆ ಬಾರಿಸಿ, ಎದುರಿನದು ಕಾಣದಿದ್ದರೆ ಇಳಿದು ತಳ್ಳಿ.